ಹಿಂಬಾಗಿಲಿನ ರಾಗಿಹಿಟ್ಟು

ಯಮುನಾಗೆ ಯಾರ ಮೇಲೂ ನಂಬಿಕೆ ಇಲ್ಲ ಅಂತ ಹೇಳಿದರೆ ಆಕೆ ಒಪ್ಪುತ್ತಿರಲಿಲ್ಲ. “ನಂಬಿಕೆ ಇದೆ ಕಣ್ರೀ, ಆದ್ರೂ ಒಂದ್ಸಲ ನೋಡ್ಬಿಡ್ತೀನಿ” ಅನ್ನುತ್ತಿದ್ದಳು. ಹಾಲಿನ ಪ್ಯಾಕೆಟ್ ಕೈಗೆ ಬಂದರೆ ತಾರೀಖು ನೋಡುತ್ತಿದ್ದಳು. ಆಟೋದವನು ಮೀಟರ್ ಹಾಕಿದರೆ ಮೀಟರ್ ನೋಡುತ್ತಿದ್ದಳು, ಹಾಕದಿದ್ದರೆ ಅವನ ಮುಖ ನೋಡುತ್ತಿದ್ದಳು; ಆ ನೋಟಕ್ಕೇ ಎಷ್ಟೋ ಜನ ತೆಪ್ಪಗೆ ಮೀಟರ್ ಹಾಕಿದ್ದರು. ಬೆನ್ಸನ್ ಟೌನಿನ ಹಳೇ ಬಂಗಲೆಯೊಂದರ ಹಿತ್ತಲಲ್ಲಿ ಎದ್ದು ನಿಂತಿದ್ದ ಸಂಶೋಧನಾ ಸಂಸ್ಥೆಯಲ್ಲಿ ಆಕೆ ಇಪ್ಪತ್ತಾರು ವರ್ಷದಿಂದ ಟೆಕ್ನಿಕಲ್ ಆಫೀಸರ್. ಅಂಥ ಜಾಗದಲ್ಲಿ ಅಂಥ ಗುಣಕ್ಕೆ ಮರ್ಯಾದೆ ಇರುತ್ತೆ. ಯಮುನಾ ನೋಡಿದ್ದಾಳೆ ಅಂದರೆ ಆಯಿತು, ಇನ್ನೊಬ್ಬರು ನೋಡಬೇಕಾಗಿಲ್ಲ ಅಂತ ಅಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಆಕೆಯ ಕಿವಿಗೂ ಬಿದ್ದಿತ್ತು, ಕೇಳಿ ಒಳಗೊಳಗೇ ಹಿಗ್ಗುತ್ತಿದ್ದಳು.

ಈಗ ಆಕೆಯ ಕಣ್ಣು ಬಿದ್ದಿದ್ದು ಮುನಿಶಾಮಮ್ಮನ ಮೇಲೆ.

ಮುನಿಶಾಮಮ್ಮ ಸಂಸ್ಥೆಯ ಇಲಿಮನೆ ನೋಡಿಕೊಳ್ಳುವವಳು. ಬೋರ್ಡಿನ ಮೇಲೆ ಏನೇನೋ ಬರೆದಿದ್ದರೂ ಎಲ್ಲರ ಬಾಯಲ್ಲೂ ಅದು ಇಲಿಮನೆಯೇ. ಕೆ.ಆರ್. ಪುರದ ಆಚೆ ಒಂದು ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಶಿವಾಜಿನಗರಕ್ಕೆ ಬಂದು, ಅಲ್ಲಿಂದ ನಡೆದು, ಎಂಟೂವರೆಗೆಲ್ಲ ಗೌನ್ ತೊಟ್ಟು ಒಳಗಿರುತ್ತಿದ್ದಳು. ಹತ್ತೊಂಬತ್ತು ವರ್ಷದಿಂದ ಹೀಗೇ. ಕೇಜು ತೊಳೆಯುವುದು, ಅದರಲ್ಲಿ ಹಾಸಿದ ಹೊಟ್ಟು ಬದಲಾಯಿಸುವುದು, ನೀರಿನ ಬಾಟಲಿ ತುಂಬುವುದು ಅವಳ ಕೆಲಸ. ಏಜೆನ್ಸಿಯ ಮೂಲಕ ಸಿಕ್ಕ ಕಂಟ್ರಾಕ್ಟಿನ ಕೆಲಸ, ಪ್ರತಿ ಜನವರಿಗೂ ಹೊಸದಾಗಿ ಆಗಬೇಕು. ಐವತ್ತೆಂಟು ವರ್ಷದ ಹೆಂಗಸನ್ನು ಇಲ್ಲಿ ಬೇಡ ಅಂದರೆ ಇನ್ನೆಲ್ಲೂ ಬೇಕು ಅನ್ನುವುದಿಲ್ಲ.

ಅವಳ ಮೇಲೆ ಅನುಮಾನ ಯಾಕೆ ಬಂತು ಅಂದರೆ, ನವೆಂಬರ್ ಮೊದಲ ವಾರ ಒಂದು ಬೆಳಿಗ್ಗೆ ಮುನಿಶಾಮಮ್ಮ ಒಂದು ಪೇಪರ್ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಸೆರಗೆಳೆದು, ಅತ್ತ ಇತ್ತ ನೋಡಿ ಇಲಿಮನೆಯೊಳಗೆ ಹೋದಳು. ಮೆಟ್ಟಿಲ ಮೇಲಿಂದ ಯಮುನಾ ಅದನ್ನು ಕಂಡಳು. ಕರೆದು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಯಮುನಾ ಕೇಳುವವಳಲ್ಲ, ನೋಡುವವಳು.

ಒಳಗೆ ನಡೆಯುತ್ತಿದ್ದ ಪ್ರಯೋಗ ಬುಷ್ರಾಳದು. ಬುಷ್ರಾ ಶಿವಾಜಿನಗರದ ಹುಡುಗಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮನೆ, ಪಿಎಚ್‌.ಡಿ.ಯ ನಾಲ್ಕನೇ ವರ್ಷ. ಅವಳು ಬಿದ್ದಿದ್ದು ಕರುಳಿನ ಬ್ಯಾಕ್ಟೀರಿಯಾಗಳ ಮಾತಿನ ಹಿಂದೆ. ಅವಕ್ಕೆ ಬಾಯಿಲ್ಲ, ಕಿವಿಯಿಲ್ಲ. ಬಿಡುವುದೂ ಹಿಡಿಯುವುದೂ ರಾಸಾಯನಿಕಗಳನ್ನೇ. ಕೇಡು ಮಾಡುವ ಬ್ಯಾಕ್ಟೀರಿಯಾ ಹೊಟ್ಟೆಗೆ ಬಂದ ತಕ್ಷಣ ಕೇಡು ಮಾಡುವುದಿಲ್ಲ. ಸುತ್ತ ಏನು ಸುದ್ದಿ ಅಂತ ಮೊದಲು ನೋಡುತ್ತದೆ. ಹೊಟ್ಟೆಯಲ್ಲಿ ಮೊದಲಿಂದ ಸಂಸಾರ ಹೂಡಿರುವ ಸಾಧು ಬ್ಯಾಕ್ಟೀರಿಯಾಗಳು ಇಂಡೋಲ್ ಅನ್ನುವ ಒಂದು ವಾಸನೆಯ ವಸ್ತುವನ್ನು ಬಿಡುತ್ತವೆ. ಅದು ಜೋರಾಗಿದ್ದರೆ ಹೊಸಬರು ಬಾಲ ಮುದುರಿಕೊಂಡು ಕೂರುತ್ತಾರೆ. ಇನ್ನೊಂದು ಸುದ್ದಿಯೂ ಇದೆ. ಮೈ ಹೆದರಿದಾಗ ಅಡ್ರಿನಲಿನ್ ಜಾತಿಯ ರಾಸಾಯನಿಕ ಉಕ್ಕುತ್ತದಲ್ಲ, ಅದರ ಪಾಲು ಕರುಳಿಗೂ ಇಳಿಯುತ್ತದೆ. ಅದನ್ನು ಹಿಡಿದರೆ ಅದೇ ಬ್ಯಾಕ್ಟೀರಿಯಾ ಮೈಕೊಡವಿ ಎದ್ದು ಕರುಳಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಅಂದರೆ ಒಡೆಯ ಹೆದರಿದ್ದಾನೆ ಅಂತ ಗೊತ್ತಾದಾಗಲೇ ಒಳಗಿನವನಿಗೆ ಧೈರ್ಯ. ಇದನ್ನೆಲ್ಲ ಬುಷ್ರಾ ಒಂದು ಪೋಸ್ಟರ್ ಮಾಡಿ ಲ್ಯಾಬಿನ ಗೋಡೆಗೆ ಹಚ್ಚಿದ್ದಳು. ಅದರ ಅಕ್ಷರದ ತಪ್ಪು ತಿದ್ದಿಕೊಟ್ಟವಳು ಯಮುನಾ.

ಪ್ರಯೋಗ ಸರಳವಾಗಿತ್ತು. ಇಲಿಗಳಿಗಷ್ಟೇ ತಗಲುವ ಒಂದು ಕರುಳಿನ ಬ್ಯಾಕ್ಟೀರಿಯಾವನ್ನು ಇಲಿಗಳಿಗೆ ಕೊಡುವುದು. ಅರ್ಧಕ್ಕೆ ಇಂಡೋಲ್ ಬೆರೆಸಿದ ನೀರು, ಅರ್ಧಕ್ಕೆ ಬರೀ ನೀರು. ಸೆಪ್ಟೆಂಬರಿನಲ್ಲಿ ಮಾಡಿದಾಗ ಬರೀ ನೀರಿನವಕ್ಕೆ ಒಂದಷ್ಟು ದಿನ ಹೊಟ್ಟೆ ಕೆಟ್ಟಿತು, ಇಂಡೋಲಿನವು ಆರಾಮಾಗಿದ್ದವು. ಲ್ಯಾಬಿನ ಯಜಮಾನರು ಡಾ. ರಾಜಶೇಖರ, ದಾವಣಗೆರೆ ಕಡೆಯವರು. ಖುಷಿಯಾಗಿ ಎಲ್ಲರಿಗೂ ಬೆಣ್ಣೆದೋಸೆ ತರಿಸಿದ್ದರು. ನವೆಂಬರಿನಲ್ಲಿ ಎರಡನೇ ಸಲ ಮಾಡಿದಾಗ ಎಲ್ಲ ಎಡವಟ್ಟಾಯಿತು. ಬಲಗಡೆ ರ‍್ಯಾಕಿನ ಇಲಿಗಳು ಮೊದಲಿನ ಹಾಗೇ. ಎಡಗಡೆ ರ‍್ಯಾಕಿನವು ಇಂಡೋಲ್ ಕುಡಿದವೂ ಕುಡಿಯದವೂ ಒಂದೇ ಸಮ ಭೇದಿ ಹತ್ತಿ, ಮೈ ಮುದುರಿಕೊಂಡು ಕೂತವು. ನಾಲ್ಕು ಸತ್ತವು.

ಒಂದೇ ಕೋಣೆ, ಒಂದೇ ಬ್ಯಾಕ್ಟೀರಿಯಾ, ಒಂದೇ ನೀರು. ಎಡಗಡೆ ಮಾತ್ರ ಯಾಕೆ? ಯಾರೋ ಬಾಟಲಿಗಳ ಮೇಲೆ ಕೈಯಾಡಿಸಿದ್ದಾರೆ ಅಂತ ಯಮುನಾ ತೀರ್ಮಾನ ಮಾಡಿಬಿಟ್ಟಳು. ಬಾಟಲಿ ಮುಟ್ಟುವವರು ಯಾರು? ಪೊಟ್ಟಣ ಸಿಕ್ಕಿಸಿಕೊಂಡು ಒಳಗೆ ಹೋಗುವವರು ಯಾರು? ಎರಡಕ್ಕೂ ಒಂದೇ ಉತ್ತರ ಇತ್ತು.

ಹಾಗೆ ನೋಡಿದರೆ ಎರಡನೇ ಸುತ್ತು ಕೆಡುವ ಮೊದಲೇ ಯಮುನಾ ಕಾವಲು ಶುರು ಮಾಡಿದ್ದಳು. ಆ ಕಾವಲಿನ ರೀತಿ ಹೇಳಬೇಕು. ಇಲಿಮನೆಗೆ ಹೋಗಬೇಕಾದರೆ ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಟ್ಟೆ ಬದಲಾಯಿಸಿ, ಗೌನ್ ತೊಟ್ಟು, ರಿಜಿಸ್ಟರಿನಲ್ಲಿ ಹೆಸರು, ಹೊತ್ತು ಬರೆದು ಒಳಗೆ ಹೋಗಬೇಕು. ಈ ನಿಯಮ ಬರೆದವಳು ಯಮುನಾಳೇ. ಆದರೆ ರಿಜಿಸ್ಟರ್ ಮುನಿಶಾಮಮ್ಮನ ಕಣ್ಣೆದುರೇ ಇರುತ್ತೆ. ಹೆಸರು ಬರೆದರೆ ಕಳ್ಳಿ ಎಚ್ಚೆತ್ತುಕೊಳ್ಳುವುದಿಲ್ಲವೇ? ಅದಕ್ಕೆ ಯಮುನಾ ಕೊಳಕು ಹೊಟ್ಟು ಹೊರಗೆ ಸಾಗಿಸುವ ಹಿಂಬಾಗಿಲಿನ ಬೀಗದ ಕೈ ಇಟ್ಟುಕೊಂಡು, ಮುನಿಶಾಮಮ್ಮ ಬರುವ ಮೊದಲು ಇಲ್ಲವೇ ಊಟಕ್ಕೆ ಕೂತಾಗ, ಇದ್ದ ಬಟ್ಟೆಯಲ್ಲೇ ಸದ್ದಿಲ್ಲದೆ ಒಳಗೆ ನುಗ್ಗುತ್ತಿದ್ದಳು. ಹಿಂಬಾಗಿಲು ತೆರೆದರೆ ಎದುರಿಗೆ ಎಡಗಡೆ ರ‍್ಯಾಕು. ಒಂದೊಂದೇ ಕೇಜಿನ ಮುಚ್ಚಳ ತೆಗೆದು, ಒಳಗೆ ಬಗ್ಗಿ, ಹೊಟ್ಟು ಕೆದಕಿ, ಬಾಟಲಿ ಮೂಸಿ ನೋಡುತ್ತಿದ್ದಳು. ತಾನು ಹೋದ ದಿನಗಳನ್ನು ತನ್ನ ಪುಟ್ಟ ಡೈರಿಯಲ್ಲಿ ಬರೆದಿಡುತ್ತಿದ್ದಳು. ಕದ್ದು ಮಾಡುವ ಕೆಲಸದಲ್ಲೂ ಶಿಸ್ತು ಬಿಡುವವಳಲ್ಲ.

ಚಳಿ ಬಂದಿತ್ತು, ಬೂದು ಬಣ್ಣದ ಸ್ವೆಟರ್ ಹೊರಗೆ ಬಂದಿತ್ತು. ದೊಮ್ಮಲೂರಿನ ಮನೆಯಲ್ಲಿ ಆ ಸ್ವೆಟರ್ ಕುರ್ಚಿಯ ಮೇಲಿದ್ದರೆ ಅದರ ಮೇಲೊಂದು ಕಿತ್ತಳೆ ಬಣ್ಣದ ಬೆಕ್ಕು ಮಲಗಿರುತ್ತಿತ್ತು. ದೀಪಾವಳಿಯ ಪಟಾಕಿಗೆ ಹೆದರಿ ಬಾಲ್ಕನಿಗೆ ಹಾರಿ ಬಂದದ್ದು ವಾಪಸ್ಸು ಹೋಗಿರಲಿಲ್ಲ. ಇಲಿಮನೆಗೆ ಹೋಗುವವರು ಬೆಕ್ಕು ಸಾಕುವಂತಿಲ್ಲ, ಸಾಕಿದರೆ ಬರೆದು ತಿಳಿಸಬೇಕು. “ಅದು ನಮ್ದಲ್ಲ, ಬಂದು ಹೋಗೋ ಬೆಕ್ಕು” ಅಂತ ಯಮುನಾ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಬಂದಿದ್ದು ನಿಜ. ಹೋಗಿದ್ದನ್ನು ಯಾರೂ ನೋಡಿರಲಿಲ್ಲ.

ಡಿಸೆಂಬರಿನಲ್ಲಿ ಮೂರನೇ ಸುತ್ತು ಶುರುವಾಯಿತು. ಇದೂ ಕೆಟ್ಟರೆ ಬುಷ್ರಾಳ ಥೀಸಿಸ್ಸಿಗೆ ಉಳಿಯುವುದು ಬರೀ ಪೋಸ್ಟರ್. ಎರಡನೇ ವಾರದ ಹೊತ್ತಿಗೆ ಎಡಗಡೆ ರ‍್ಯಾಕು ಮತ್ತೆ ಮಲಗಿತು.

ಊಟದ ಹೊತ್ತಿನಲ್ಲಿ ಬುಷ್ರಾ ಡಬ್ಬಿ ತೆರೆದಿಟ್ಟುಕೊಂಡು ತಿನ್ನದೆ ಕೂತಿದ್ದಳು.

“ಮೇಡಮ್, ಶಾಮಮ್ಮ ಆಂಟಿ ಏನಂತಾರೆ ಗೊತ್ತಾ? ಒಳಗೆ ಬೆಕ್ಕು ಬರ್ತಿದೆಯಂತೆ.”

ಯಮುನಾಳ ಕಿವಿ ನೆಟ್ಟಗಾಯಿತು. “ಬೆಕ್ಕಾ? ಎಲ್ಲಿಂದ? ಎರಡು ಬಾಗಿಲು, ಜಾಲರಿ, ಎಲ್ಲ ಇದೆಯಲ್ಲ.”

“ನಾನೂ ಅದೇ ಹೇಳ್ದೆ. ಇಲ್ಲ ಕಣಮ್ಮ, ಇವು ಬೆಕ್ಕು ಕಂಡ ಇಲಿಗಳ ಥರ ಆಡ್ತಿವೆ, ಗೂಡು ಕಟ್ತಿಲ್ಲ, ಮೂಲೇಲಿ ಒಂದರ ಮೇಲೊಂದು ಬಿದ್ದಿರ್ತವೆ ಅಂದ್ರು. ಪಾಪ, ಅವರಿಗೂ ಟೆನ್ಷನ್.”

“ಟೆನ್ಷನ್ ಇರ್ಲೇಬೇಕಲ್ಲ” ಅಂದಳು ಯಮುನಾ, ಚಪಾತಿ ಮುರಿಯುತ್ತ. ಸಿಕ್ಕಿಬೀಳುವ ಹೊತ್ತು ಬಂತು ಅಂತ ಈಗಲೇ ಬೆಕ್ಕಿನ ಕಥೆ ಕಟ್ಟುತ್ತಿದ್ದಾಳೆ, ಎಂಥ ಘಾಟಿ ಹೆಂಗಸು ಅಂತ ಒಳಗೇ ಅಂದುಕೊಂಡಳು. ಬೆಕ್ಕು ಅನ್ನುವ ಮಾತು ಕೇಳಿದರೂ ಕುರ್ಚಿಯ ಮೇಲಿನ ಬೆಕ್ಕು ಆಕೆಗೆ ನೆನಪಾಗಲಿಲ್ಲ. ಅದು ಬಂದು ಹೋಗುವ ಬೆಕ್ಕಲ್ಲವೇ.

ಶುಕ್ರವಾರ ರಾಜಶೇಖರ ಆಕೆಯನ್ನು ರೂಮಿಗೆ ಕರೆದರು.

“ಏನ್ರೀ ಯಮುನಾ ಅವ್ರೇ, ಎರಡು ಸಲ ಹಿಂಗಾತಲ್ರೀ. ಏನಾಗ್ತಾ ಐತಿ ಒಳಗೆ?”

“ಯಾರೋ ಕೈಯಾಡಿಸ್ತಿದಾರೆ ಸರ್.”

“ಯಾರು?”

ಯಮುನಾ ಹೆಸರು ಹೇಳಿದಳು. ರಾಜಶೇಖರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಮನುಷ್ಯನಿಗೆ ಮುನಿಶಾಮಮ್ಮ ಅಂದರೆ ಗೌರವ ಇತ್ತು. ಆದರೆ ಯಮುನಾ ಹೇಳಿದ ಮೇಲೆ ಮುಗಿಯಿತು.

“ಸೋಮವಾರ ಹನ್ನೊಂದಕ್ಕ ಏಜೆನ್ಸಿಯವರು ಬರ್ತಾರ. ಜನವರಿಗೆ ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಬೇಕು ಅಂತ ಅವತ್ತೇ ಹೇಳ್ಬೇಕು. ನೀವು ಬರೆದು ಕೊಡ್ರಿ. ನೀವು ಬರೆದ್ರೆ ನಾನು ಸಹಿ ಹಾಕ್ತೀನಿ. ಆದ್ರ ನೋಡ್ರಿ, ಹತ್ತೊಂಬತ್ತು ವರ್ಷ ದುಡಿದಾಕಿ. ಬರಿಯೋ ಮುಂಚೆ ಇನ್ನೊಂದ್ಸಲ ನೋಡ್ಕೊಳ್ರಿ.”

ನೋಡಿಕೊಳ್ಳಿ ಅಂದರೆ ಯಮುನಾಗೆ ಇನ್ನೇನು ಬೇಕು. ಶನಿವಾರ ಬೆಳಿಗ್ಗೆ ಏಳೂಮುಕ್ಕಾಲಿಗೆಲ್ಲ ಸ್ವೆಟರ್ ಏರಿಸಿಕೊಂಡು ಹಿಂಬಾಗಿಲಲ್ಲಿ ಹಾಜರಾದಳು.

ಅವತ್ತು ಸಿಕ್ಕಿದ್ದು ಒಂದಲ್ಲ, ಎರಡು. ಎಡಗಡೆ ರ‍್ಯಾಕಿನ ಪ್ರತಿ ಕೇಜಿನಲ್ಲೂ ಟಿಶ್ಯೂ ರೋಲಿನೊಳಗಿರುವ ರಟ್ಟಿನ ಕೊಳವೆ ಒಂದೊಂದು ಇಟ್ಟಿತ್ತು. ಪ್ರಯೋಗದ ಕೇಜಿನಲ್ಲಿ ಕೇಳದೆ ಏನೂ ಇಡುವಂತಿಲ್ಲ. ಇಲಿಗಳು ಆ ಕೊಳವೆಯೊಳಗೆ ತುರುಕಿಕೊಂಡು, ಜಾಗ ಸಿಗದವು ಅದರ ಹಿಂದೆ ಅಡಗಿ ಕೂತಿದ್ದವು. ಇನ್ನೊಂದು, ಮೋರಿಯ ಹತ್ತಿರ ಪೇಪರಿನ ಮೇಲೆ ಮೂರು ತುಂಡು ಒಣಮೀನು. ನಾತ ಮೂಗಿಗೆ ಹೊಡೆಯಿತು. ಯಮುನಾ ಗೆದ್ದ ಸಂತೋಷದಲ್ಲಿ ಮೂಗು ಮುಚ್ಚಿಕೊಳ್ಳುವುದನ್ನೂ ಮರೆತಳು. ಪೊಟ್ಟಣದಲ್ಲಿ ಏನು ಬರುತ್ತಿತ್ತು ಅಂತ ಗೊತ್ತಾಯಿತಲ್ಲ! ಪ್ರಯೋಗದ ಇಲಿಗೆ ಒಣಮೀನು ತಿನ್ನಿಸಿದರೆ ಹೊಟ್ಟೆ ಕೆಡದೆ ಇನ್ನೇನಾಗುತ್ತೆ? ಫೋನಿನಲ್ಲಿ ಫೋಟೋ ಹಿಡಿದುಕೊಂಡು ಎಲ್ಲ ಇದ್ದ ಹಾಗೇ ಬಿಟ್ಟು ಹೊರಬಂದಳು.

ಭಾನುವಾರ ಇಲಿಗಳಿಗೆ ಮೇವು, ನೀರು ನೋಡುವ ಸರದಿ ಬೇರೆಯವರದು. ಆದರೂ ಮುನಿಶಾಮಮ್ಮ ಬಂದಿದ್ದಾಳೆ ಅಂತ ಗೇಟಿನವನಿಂದ ಸುದ್ದಿ ತಿಳಿದು ಯಮುನಾ ದೊಮ್ಮಲೂರಿನಿಂದ ಆಟೋ ಹಿಡಿದು ಬಂದಳು. ರಜೆಯ ದಿನ, ಮೊಮ್ಮಕ್ಕಳಿರುವ ಮನೆ ಬಿಟ್ಟು, ಎರಡು ಬಸ್ಸು ಹತ್ತಿ ಯಾರು ಇಲಿ ನೋಡಲು ಬರುತ್ತಾರೆ? ತಾನೂ ರಜೆಯ ದಿನವೇ ಬಂದಿದ್ದೇನೆ ಅನ್ನುವುದು ಆಕೆಗೆ ಹೊಳೆಯಲಿಲ್ಲ. ಮುನಿಶಾಮಮ್ಮ ಖಾಲಿ ಡಬ್ಬಿಯೊಂದನ್ನು ಹಿಡಿದು ಗೇಟು ದಾಟುವವರೆಗೂ ಹೊಂಗೆ ಮರದ ಹಿಂದೆ ನಿಂತಿದ್ದು, ಆಮೇಲೆ ಹಿಂಬಾಗಿಲು ತೆರೆದಳು. ಒಳಗೆ ಇಲಿಗಳ ರಾತ್ರಿಗೆಂದು ದೀಪ ಮಂಕು ಮಾಡಿದ್ದರು. ನೆಲ ಕಾಣುತ್ತಿರಲಿಲ್ಲ. ಕಾಲಡಿ ಏನೋ ನುಣ್ಣಗೆ ಜಾರಿದ ಹಾಗಾಯಿತು, ಹೊಟ್ಟಿನ ಪುಡಿ ಇರಬೇಕು ಅಂದುಕೊಂಡಳು. ಒಣಮೀನು ಅಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಅದೊಂದು ಸ್ವಲ್ಪ ಮುಜುಗರ ತಂದಿತು. ಇವತ್ತಿನ ಪಾಲು ಬೇರೆ ಹಾಕಿರಬೇಕು ಅಂತ ಸಮಾಧಾನ ಮಾಡಿಕೊಂಡು, ಕೇಜುಗಳನ್ನು ಒಂದೊಂದಾಗಿ ತೆರೆದು ಕೆದಕಿದಳು.

ಸಂಜೆ ಮನೆಯಲ್ಲಿ ಕೂತು ಕಾಗದ ಬರೆದಳು. ಬೆಕ್ಕು ಸ್ವೆಟರಿನ ತೋಳಿನ ಮೇಲೆ ಗಲ್ಲ ಇಟ್ಟು ಮಲಗಿತ್ತು. ‘ಇಲಿಮನೆಯ ಸಹಾಯಕಿ ಮುನಿಶಾಮಮ್ಮ ಅವರು ನಿಯಮ ಮೀರಿ, ಯಾರಿಗೂ ತಿಳಿಸದೆ, ಎಡಗಡೆ ರ‍್ಯಾಕಿನ ಕೇಜುಗಳನ್ನು ಪದೇ ಪದೇ ಮುಟ್ಟಿರುತ್ತಾರೆ. ಇದರಿಂದ ಎರಡು ಸುತ್ತಿನ ಪ್ರಯೋಗ ಹಾಳಾಗಿರುತ್ತದೆ. ಇವರನ್ನು ಇನ್ನು ಮುಂದೆ ಇಲಿಮನೆಯೊಳಗೆ ಬಿಡಕೂಡದು.’ ಎರಡು ಸಲ ಓದಿದಳು. ಕಾಮಾ ಒಂದು ತಪ್ಪಿತ್ತು, ಸರಿ ಮಾಡಿದಳು.

ಸೋಮವಾರ ಬೆಳಿಗ್ಗೆ ಏಳೂಮುಕ್ಕಾಲು. ಕಾಗದ ಆಗಲೇ ರಾಜಶೇಖರರ ಮೇಜು ಸೇರಿತ್ತು. ಕೊನೆಯದಾಗಿ ಒಣಮೀನನ್ನು ಕವರಿನಲ್ಲಿ ಹಾಕಿಕೊಂಡು ಬಂದರೆ ಸಾಕ್ಷಿಗೆ ಸಾಕ್ಷಿ ಆಯಿತು ಅಂತ ಯಮುನಾ ಹಿಂಬಾಗಿಲಿನ ಬೀಗ ತೆಗೆದಳು.

ದೀಪ ಉರಿಯುತ್ತಿತ್ತು. ಎಂಟೂವರೆಗೆ ಬರುವ ಮುನಿಶಾಮಮ್ಮ ಆಗಲೇ ಗೌನ್ ತೊಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು.

“ಅಲ್ಲೇ ನಿಂತ್ಕೊಳಿ ಮೇಡಮ್. ತುಳೀಬೇಡಿ.”

ಹೊಸ್ತಿಲಿನಿಂದ ರ‍್ಯಾಕಿನವರೆಗೆ ನೆಲದ ಮೇಲೆ ತೆಳ್ಳಗೆ ರಾಗಿಹಿಟ್ಟು ಹರಡಿತ್ತು. ಅದರ ಮೇಲೆ ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಮೂಡಿದ್ದವು. ಹೋದವು, ಬಂದವು. ಹಿಮ್ಮಡಿ ನೋವಿಗೆ ಹಾಕುವ ಡಾಕ್ಟರ್ ಚಪ್ಪಲಿಯ ಹೆಜ್ಜೆ, ಎಡಗಾಲಿನದರಲ್ಲಿ ಹೊರಗಿನ ಮೂಲೆ ಸವೆದದ್ದು.

ಯಮುನಾ ಗದರುವ ದನಿ ತೆಗೆದಳು. “ಏನಿದು? ಇಲ್ಲಿ ಹಿಟ್ಟು ಯಾಕೆ ಚೆಲ್ಲಿದೀರಾ? ಆ ಒಣಮೀನು? ಆ ರಟ್ಟು? ಎಲ್ಲ ನೋಡಿದೀನಿ ನಾನು.”

“ನೋಡಿರ್ತೀರಾ” ಅಂದಳು ಮುನಿಶಾಮಮ್ಮ. ಕೂತಲ್ಲಿಂದ ಏಳಲಿಲ್ಲ. “ರಟ್ಟು ಇವು ಅಡಗ್ಕೊಳ್ಲಿ ಅಂತ, ಮೀನು ಬೆಕ್ಕಿಗೆ ಇಟ್ಟಿದ್ದು. ಬೆಕ್ಕು ಬಂದ್ರೆ ಮೀನು ಬಿಡುತ್ತಾ? ಎರಡು ದಿನ ಆದ್ರೂ ಮುಟ್ಟಿಲ್ಲ. ಆಮೇಲೆ ನಿನ್ನೆ ಹಿಟ್ಟು ಹಾಕ್ದೆ. ನಮ್ಮೂರಲ್ಲಿ ಹಾಲು ಕದಿಯೋ ಬೆಕ್ಕು ಯಾವ ಕಡೆಯಿಂದ ಬರುತ್ತೆ ಅಂತ ನೋಡೋಕೆ ಹಿಂಗೇ ಹಿಟ್ಟು ಉದುರಿಸ್ತೀವಿ. ಬೆಳಿಗ್ಗೆ ಬಂದು ನೋಡಿದ್ರೆ ಬೆಕ್ಕಿನ ಹೆಜ್ಜೆ ಬಿದ್ದಿಲ್ಲ ಮೇಡಮ್. ನಿಮ್ದು ಬಿದ್ದೈತೆ.”

“ನಾನು ಚೆಕ್ ಮಾಡೋಕೆ ಬಂದಿದ್ದೆ.”

“ಹೂಂ. ನನ್ನ ಚೆಕ್ ಮಾಡೋಕೆ. ಅದು ಗೊತ್ತಾಯ್ತು ಬಿಡಿ.”

ಅಷ್ಟು ಹೇಳಿ ಮುನಿಶಾಮಮ್ಮ ಎದ್ದು, ಗೋಡೆಯ ಅಂಚು ಹಿಡಿದು ಹಿಟ್ಟು ತುಳಿಯದೆ ಹತ್ತಿರ ಬಂದಳು. ಯಮುನಾಳ ಸ್ವೆಟರಿನ ತೋಳಿನಿಂದ ಏನನ್ನೋ ಎರಡು ಬೆರಳಲ್ಲಿ ಹೆಕ್ಕಿ ದೀಪಕ್ಕೆ ಹಿಡಿದಳು. ಕಿತ್ತಳೆ ಬಣ್ಣದ ಕೂದಲು.

“ಮನೇಲಿ ಬೆಕ್ಕೈತಾ ಮೇಡಮ್?”

“ಅದು ನಮ್ದಲ್ಲ” ಅಂತ ಯಮುನಾಳ ಬಾಯಿ ತಾನಾಗಿ ಅಂದುಬಿಟ್ಟಿತು.

ಮುನಿಶಾಮಮ್ಮ ರ‍್ಯಾಕಿನ ಕಡೆ ಬೆರಳು ತೋರಿಸಿದಳು. ಯಮುನಾ ನೋಡಿದಳು. ಇಷ್ಟು ದಿನ ಬಾಟಲಿ ನೋಡಿದ್ದಳು, ಹೊಟ್ಟು ನೋಡಿದ್ದಳು, ಇಲಿಗಳನ್ನು ನೋಡಿರಲಿಲ್ಲ. ಆಕೆ ಬಾಗಿಲು ತೆರೆದ ಕ್ಷಣದಿಂದ ಎಡಗಡೆಯ ಅಷ್ಟೂ ಕೇಜುಗಳಲ್ಲಿ ಬಿಳಿ ಇಲಿಗಳು ಹಿಂದಿನ ಮೂಲೆಗೆ ಒತ್ತರಿಸಿ, ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿಕೊಂಡು ನಡುಗುತ್ತಿದ್ದವು. ದೂರದ ಬಲಗಡೆ ರ‍್ಯಾಕಿನಲ್ಲಿ ಒಂದು ಇಲಿ ಎರಡು ಕಾಲ ಮೇಲೆ ನಿಂತು ನೆಮ್ಮದಿಯಾಗಿ ಮೀಸೆ ತೀಡಿಕೊಳ್ಳುತ್ತಿತ್ತು. ಯಮುನಾ ಅರ್ಧ ಹೆಜ್ಜೆ ಮುಂದಿಟ್ಟಳು. ಎಡಗಡೆಯವು ಇನ್ನಷ್ಟು ಮುದುರಿಕೊಂಡವು.

ಗೋಡೆಯ ಪೋಸ್ಟರಿನ ಸಾಲು ನೆನಪಾಯಿತು. ತಾನೇ ಅಕ್ಷರ ತಿದ್ದಿದ ಸಾಲು. ಒಡೆಯ ಹೆದರಿದಾಗಲೇ ಒಳಗಿನವನಿಗೆ ಧೈರ್ಯ.

ಬ್ಯಾಗಿನಿಂದ ಡೈರಿ ತೆಗೆದಳು. ಪುಟ ತಿರುವಿದಳು. ನವೆಂಬರ್ ಏಳು ಬಂದಿದ್ದೆ, ಹತ್ತಕ್ಕೆ ಭೇದಿ ಶುರು. ಹನ್ನೆರಡಕ್ಕೆ ಬಂದಿದ್ದೆ, ಹದಿನಾಲ್ಕಕ್ಕೆ ಎರಡು ಸತ್ತವು. ಹದಿನೆಂಟಕ್ಕೆ ಬಂದಿದ್ದೆ, ಇಪ್ಪತ್ತಕ್ಕೆ ಇನ್ನೆರಡು. ಡಿಸೆಂಬರ್ ಎಂಟು, ಹತ್ತು. ಎಲ್ಲ ಅವಳದೇ ಕೈಬರಹ, ಅಚ್ಚುಕಟ್ಟಾಗಿ. ಸೆಪ್ಟೆಂಬರಿನಲ್ಲಿ ಬೆಕ್ಕೂ ಇರಲಿಲ್ಲ, ಸ್ವೆಟರೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ಬೆಕ್ಕಿನ ವಾಸನೆ ಹೊತ್ತುಕೊಂಡು ಬಂದು, ಮುಚ್ಚಳ ತೆಗೆದು ಮುಖ ತೂರಿಸಿದವಳು ತಾನು. ಇಲಿಗಳು ಹೆದರಿದವು, ಆ ಹೆದರಿಕೆ ಕರುಳಿಗೆ ಇಳಿಯಿತು, ಕರುಳಲ್ಲಿ ಸುಮ್ಮನೆ ಮುದುರಿ ಕೂತಿದ್ದದ್ದು ಎದ್ದು ಕಚ್ಚಿತು. ಇಂಡೋಲಿನ ಸಮಾಧಾನದ ಮಾತು ಆ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಪ್ರತಿ ಸಲ ಇಲಿ ಸತ್ತಾಗಲೂ ಅನುಮಾನ ಜಾಸ್ತಿಯಾಯಿತು, ಅನುಮಾನ ಜಾಸ್ತಿಯಾದ ಹಾಗೆ ಮತ್ತೆ ಬಂದಳು.

“ಆ ಪೊಟ್ಟಣ” ಅಂದಳು. “ನವೆಂಬರಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ್ರಲ್ಲ, ಅದೇನು?”

“ಎಲೆಅಡಿಕೆ. ಒಳಗೆ ತರಬಾರ್ದು, ತಪ್ಪೇ. ತೊಳೆಯೋ ರೂಮಲ್ಲಿ ಹಾಕ್ಕೊಂಡು ಬಾಯಿ ಮುಕ್ಕಳಿಸಿ ಬರ್ತಿದ್ದೆ. ಕೇಳಿದ್ರೆ ಹೇಳ್ತಿದ್ದೆನಲ್ಲ ಮೇಡಮ್.”

“ಈ ಹೆಜ್ಜೆ ನೋಡಿದ ಮೇಲೆ ಸರ್ ಹತ್ರ ಯಾಕೆ ಹೋಗ್ಲಿಲ್ಲ?”

“ಹೋಗಿ ಏನಂತ ಹೇಳ್ಲಿ? ಯಮುನಮ್ಮ ಕಳ್ಳ ಹೆಜ್ಜೆ ಇಟ್ಟವ್ರೆ ಅಂತಾನಾ? ಯಾರು ನಂಬ್ತಾರೆ?” ಮುನಿಶಾಮಮ್ಮ ಗೌನಿನ ತೋಳಿನಿಂದ ಮೂಗು ಒರೆಸಿಕೊಂಡಳು. “ಇವತ್ತು ಏಜೆನ್ಸಿಯವ್ರು ಬರ್ತಾರಂತೆ. ನನ್ನ ತೆಗೀತಾರಂತೆ. ಗೇಟಿನವನು ಹೇಳ್ದ. ನನ್ಗೆ ನಿಮ್ಮೇಲೆ ಸಿಟ್ಟೈತೆ, ಇಲ್ಲ ಅನ್ನಲ್ಲ. ಹೊಟ್ಟೆ ಉರಿಯೋವಷ್ಟು ಐತೆ. ಆದ್ರೆ ಇಲಿಗಳು ಯಾಕೆ ಸಾಯ್ತಾವೆ ಅಂತ ಗೊತ್ತಾಗದೆ ಹೋಗೋಕೆ ಮನಸ್ಸು ಬರ್ಲಿಲ್ಲ. ಈಗ ಗೊತ್ತಾಯ್ತು.”

ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡಳು.

“ಗುಡಿಸ್ಲಾ ಮೇಡಮ್?”

ಆ ಮಾತಿನಲ್ಲಿ ಕುಹಕ ಇರಲಿಲ್ಲ. ಹತ್ತೊಂಬತ್ತು ವರ್ಷ ಪ್ರತಿ ದಿನ ಕೇಳಿದ ಹಾಗೇ ಕೇಳಿದ್ದಳು. ಗುಡಿಸಿದರೆ ಎರಡು ನಿಮಿಷದ ಕೆಲಸ. ಹಿಟ್ಟು ಮೋರಿಗೆ ಹೋಗುತ್ತೆ, ಹೆಜ್ಜೆ ಹೋಗುತ್ತೆ, ಹನ್ನೊಂದು ಗಂಟೆಗೆ ಮುನಿಶಾಮಮ್ಮನೂ ಹೋಗುತ್ತಾಳೆ. ನಾಳೆಯಿಂದ ತಾನು ಹಿಂಬಾಗಿಲಿಗೆ ಬರುವುದಿಲ್ಲ, ಎಡಗಡೆಯ ಇಲಿಗಳು ಚೇತರಿಸಿಕೊಳ್ಳುತ್ತವೆ, ನಾಲ್ಕನೇ ಸುತ್ತು ಚೆಂದಾಗಿ ಬರುತ್ತೆ. ನೋಡಿದ್ರಾ, ಆ ಹೆಂಗಸು ಹೋದ್ಮೇಲೆ ಎಲ್ಲ ಸರಿಹೋಯ್ತು, ಯಮುನಾ ಹೇಳಿದ್ರೆ ಹೇಳಿದ್ಹಾಗೆ ಅಂತ ಎಲ್ಲರೂ ಅನ್ನುತ್ತಾರೆ. ಆ ಮಾತು ಈಗಲೇ ಕಿವಿಯಲ್ಲಿ ಕೇಳಿದ ಹಾಗಾಯಿತು, ಕೇಳಿ ಹಿತವಾಯಿತು, ಹಿತವಾಯಿತಲ್ಲ ಅಂತ ನಾಚಿಕೆಯೂ ಆಯಿತು. ಗುಡಿಸಿ ಅನ್ನಲು ಬಾಯಿ ತೆರೆದದ್ದೂ ನಿಜ. ಬೇರೆಯವರಿಗೆ ಹೇಳದಿದ್ದರೂ ಅದನ್ನು ಆಕೆ ತನ್ನಿಂದ ತಾನು ಯಾವತ್ತೂ ಬಚ್ಚಿಟ್ಟುಕೊಳ್ಳಲಿಲ್ಲ.

“ಬೇಡ” ಅಂದಳು. “ಸರ್ ನೋಡ್ಲಿ.”

ಹೊರಗೆ ಹೋಗಿ, ಕಟ್ಟಡ ಸುತ್ತಿ, ಮುಂಬಾಗಿಲಿಗೆ ಬಂದು ರಿಜಿಸ್ಟರ್ ತೆರೆದಳು. ಆರು ವಾರದಲ್ಲಿ ಮೊದಲ ಸಲ. ಇವತ್ತಿನ ತಾರೀಖಿನ ಕೆಳಗೆ ಎಂಟು ಸಾಲು ಬರೆದಳು: ಯಾವ್ಯಾವ ದಿನ ಬಂದಿದ್ದೆ, ಎಷ್ಟು ಹೊತ್ತಿಗೆ, ಯಾವ ಬಾಗಿಲಿಂದ, ಬಟ್ಟೆ ಬದಲಾಯಿಸಿರಲಿಲ್ಲ, ಮನೆಯಲ್ಲಿ ಬೆಕ್ಕಿದೆ. ‘ಬೆಕ್ಕಿದೆ’ ಅಂತ ಬರೆಯುವಾಗ ಪೆನ್ನು ಸ್ವಲ್ಪ ನಿಂತಿತು.

ಹತ್ತೂವರೆಗೆ ಹಿಂಬಾಗಿಲಿನ ಹೊರಗೆ ಮೂರು ಜನ ನಿಂತಿದ್ದರು. ರಾಜಶೇಖರರ ಕೈಯಲ್ಲಿ ಆಕೆಯ ಕಾಗದ ಇತ್ತು. ಬುಷ್ರಾ ರಿಜಿಸ್ಟರ್ ಹಿಡಿದುಕೊಂಡು ಎಂಟು ಸಾಲನ್ನೂ ಓದಿ, ಮತ್ತೆ ಮೊದಲಿಂದ ಓದುತ್ತಿದ್ದಳು. ಯಮುನಾ ಬಾಗಿಲು ತೆರೆದು, ಎಡಗಾಲಿನ ಚಪ್ಪಲಿ ಬಿಚ್ಚಿ, ಬಗ್ಗಿ, ರಾಗಿಹಿಟ್ಟಿನ ಮೇಲಿನ ಮೊದಲ ಹೆಜ್ಜೆಯ ಪಕ್ಕದಲ್ಲಿ ಇಟ್ಟಳು. ಸವೆದ ಮೂಲೆಗೆ ಸವೆದ ಮೂಲೆ ಸರಿಯಾಗಿ ಹೊಂದಿತು.

ಬುಷ್ರಾಳ ಕಣ್ಣು ತುಂಬಿತ್ತು. “ಎರಡು ರೌಂಡು ಮೇಡಮ್” ಅಂದಳು ಕೊನೆಗೆ, ಬಹಳ ಮೆಲ್ಲಗೆ. “ಆಂಟಿ ಬೆಕ್ಕು ಅಂದಾಗ ನಾನು ನಿಮಗೇ ಬಂದು ಹೇಳಿದ್ನಲ್ಲ.” ಯಮುನಾಗೆ ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ರಾಜಶೇಖರ ಕಾಗದವನ್ನು ಮಡಚಿದರು, ಮತ್ತೆ ಬಿಡಿಸಿದರು. “ಇದನ್ನ ಏನು ಮಾಡ್ಲಿ ಯಮುನಾ ಅವ್ರೇ? ಹರಿದು ಹಾಕ್ಲಾ?”

“ಬೇಡ ಸರ್. ಕೊಡಿ ಇಲ್ಲಿ.”

ಗೋಡೆಗೆ ಆನಿಸಿಟ್ಟು ಕಾಗದವನ್ನು ಓದಿದಳು. ನಿ‌ಯಮ ಮೀರಿ, ಯಾರಿಗೂ ತಿಳಿಸದೆ, ಪದೇ ಪದೇ. ಒಂದಕ್ಷರ ತಪ್ಪಿರಲಿಲ್ಲ. ಮುನಿಶಾಮಮ್ಮನ ಹೆಸರನ್ನೂ ಕೆಲಸವನ್ನೂ ಗೀಟೆಳೆದು ಹೊಡೆದು, ಮೇಲೆ ತನ್ನದನ್ನು ಬರೆದಳು. ಮಿಕ್ಕದ್ದನ್ನು ಮುಟ್ಟಲಿಲ್ಲ, ‘ಒಳಗೆ ಬಿಡಕೂಡದು’ ಅನ್ನುವ ಕೊನೆಯ ಸಾಲನ್ನೂ.

ಮುನಿಶಾಮಮ್ಮ ಇಷ್ಟು ಹೊತ್ತೂ ಪೊರಕೆ ಹಿಡಿದು ಹೊಸ್ತಿಲಿನೊಳಗೆ ನಿಂತಿದ್ದಳು. ರಾಜಶೇಖರ ಸಹಿ ಹಾಕುವವರೆಗೂ ಕಾದು, ಆಮೇಲೆ ಹೊರಗೆ ಕೈ ಚಾಚಿದಳು.

“ಬೀಗದ ಕೈ ಕೊಡಿ ಮೇಡಮ್. ಬಾಗಿಲು ಹಾಕ್ಕೋಬೇಕು, ಇಲಿಗಳು ಹೆದರ್ಕೊಂಡವೆ.”

ಯಮುನಾ ಕೊಟ್ಟಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಹಾಗೇ ನಿಂತು ಒಳಗಿನಿಂದ ಚಿಲಕ ಬೀಳುವ ಸದ್ದು ಕೇಳಿಸಿಕೊಂಡಳು.